ಮೂರು ಮೆಟ್ಟಿಲಿನ ಗೆರೆ

ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಅಲೆರಾಯರ ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಗಡಗಡ ನಡುಗಿತು. ರಾಮಾಯಣ ಶುರುವಾದದ್ದು ಅಲ್ಲಿಂದ.

ಅಲೆರಾಯರೆಂಬುದು ಕಟ್ಟಡದವರು ಇಟ್ಟ ಹೆಸರು. ನೆಲದ ಮೇಲಿನ ಗಾಳಿಯಲ್ಲಿ ರೇಡಿಯೋ ಅಲೆಗಳು ಹೇಗೆ ಬಾಗುತ್ತವೆಂದು ಲೆಕ್ಕ ಹಾಕುವುದು ಅವರ ಕೆಲಸ. ಸಂಶೋಧನಾ ಕೇಂದ್ರದಲ್ಲಿ ಆರು ವರ್ಷದಿಂದ ತಾತ್ಕಾಲಿಕ ನೌಕರಿ. ಅವರ ಲೆಕ್ಕದ ಪ್ರಕಾರ, ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ಇರುವ ತನಕ ಗುಡ್ಡದಾಚೆಯ ಟ್ರಾನ್ಸ್‌ಮಿಟರಿನ ಅಲೆಗಳು ಬಾಗಿ ಈಚೆಗೂ ಬರುತ್ತವೆ. ಬಿಸಿಲೇರಿ ನೆಲ ಕಾದಂತೆ ಗಾಳಿಯ ಪದರಗಳು ಒಡೆದು ಅಲೆ ನಿಲ್ಲುತ್ತದೆ. ಇವತ್ತು ಪದರಗಳು ಮೂರು. ಆದ್ದರಿಂದ ಅಲೆಯ ಬಲ ತೋರಿಸುವ ಗೆರೆ ಒಂಬತ್ತರಿಂದ ಹತ್ತರೊಳಗೆ ಮೂರು ಮೆಟ್ಟಿಲು ಇಳಿದು ನೆಲ ಕಚ್ಚಬೇಕು. ಹಾಗೆ ಬರೆದುಕೊಟ್ಟಾಗ ಸಹೋದ್ಯೋಗಿಗಳು ನಕ್ಕಿದ್ದರು. ನಿರ್ದೇಶಕರು ಮಾತ್ರ, “ಹಾಗೇ ಇಳಿದ್ರೆ ನಿಮ್ಮ ನೌಕರಿ ಖಾಯಂ,” ಅಂದಿದ್ದರು. ಕೇಂದ್ರದ ತಾರಸಿ ರಿಪೇರಿಯಲ್ಲಿದ್ದುದರಿಂದ ಅಲೆ ಹಿಡಿಯುವ ಆಂಟೆನಾ ರಾಯರ ಮೂರನೇ ಮಹಡಿ ಮನೆಯ ಮೇಲಿನ ತಾರಸಿಗೇ ಬಂದಿತ್ತು.

ಗೆರೆ ನಡುಗಿದ್ದು ಗಾಳಿಯಿಂದಲ್ಲ, ಅಕ್ಕಪಕ್ಕದ ಯಾರದೋ ಮೋಟರಿನಿಂದ ಎಂದು ರಾಯರಿಗೆ ತಕ್ಷಣ ಹೊಳೆಯಿತು. ಎದ್ದು ಕೆಳಗೆ ಓಡಿದರು.

“ಏನ್ರೀ, ಬನಿಯನ್ನಲ್ಲೇ ಹೊರಟ್ರಲ್ಲ! ಹತ್ತಕ್ಕೆ ನಿರ್ದೇಶಕರು ಬರ್ತಾರೆ!” ಎಂದು ಹೆಂಡತಿ ಕೂಗಿದಳು.

ನೆಲಮಹಡಿಯಲ್ಲಿ ಬಡಗಿ ಬೆಳಗಿನಿಂದ ಬಾಗಿಲು ಕೊರೆಯುತ್ತಿದ್ದ.

“ಒಂದು ಗಂಟೆ ಡ್ರಿಲ್ ನಿಲ್ಸಪ್ಪ.”

“ಅರ್ಧ ತೂತು ಬಿದ್ದಿದೆ ಸಾರ್. ಅರ್ಧ ತೂತಿಗೆ ಬೀಗ ಕೂರುತ್ತಾ?”

“ನನ್ನ ನೌಕರಿ ಪ್ರಶ್ನೆ ಕಣಪ್ಪ.”

ಒಂಬತ್ತು ದಾಟುವಷ್ಟರಲ್ಲಿ ಬಡಗಿ ಡ್ರಿಲ್ ಆರಿಸಿದ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಅವನೂ ರಾಯರ ಜತೆ ಹೊರಟ.

ಮೊದಲ ಮಹಡಿಯ ದರ್ಜಿ ಐದು ಗಂಟೆಯಿಂದ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ. “ನನ್ನ ಮಷೀನಿಗೂ ಗಾಳಿಗೂ ಏನು ಸಂಬಂಧ?” ಎಂದು ಗುರುಗುಟ್ಟಿದ.

“ಮೋಟರು ಒಳಗೇ ಕಿಡಿ ಹಾರಿಸುತ್ತೆ. ಅದು ನನ್ನ ಆಂಟೆನಾಕ್ಕೆ ಕೇಳಿಸುತ್ತೆ.”

“ನನಗೇ ಕೇಳ್ಸಲ್ವಲ್ಲ!”

“ವಾದ ಬೇಡಪ್ಪ,” ಬಡಗಿ ನಡುವೆ ಬಾಯಿ ಹಾಕಿದ. “ಇವರನ್ನ ಕೆಲಸದಿಂದ ತೆಗೀತಾರಂತೆ.”

ಕಾಲು ಗಂಟೆ ಗೊಣಗಾಡಿ ದರ್ಜಿ ಮಷೀನು ನಿಲ್ಲಿಸಿದ. ಅವನೂ ಹಿಂದೆ ಬಂದ.

ಎರಡನೇ ಮಹಡಿಯಲ್ಲಿದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಮಂಡಿಗೆ ಹೊಸ ಮಸಾಜ್ ಯಂತ್ರ ಕಟ್ಟಿಕೊಂಡು ಕೂತಿದ್ದರು. ಗೆರೆ ನಡುಗಿಸಿದ್ದು ಇದೇ ಇರಬೇಕೆಂದು ರಾಯರಿಗೆ ಖಾತ್ರಿಯಾಯಿತು.

“ಮೇಡಂ, ಪಾಪ, ಇವರನ್ನ ಜೈಲಿಗೆ ಹಾಕ್ತಾರಂತೆ!” ಅಂದ ದರ್ಜಿ.

“ಯಾಕೆ? ನೆಟ್ಟಗೆ ನಿಂತು, ಮೊದಲಿಂದ ಹೇಳಿ,” ಅಂದರು ಮೇಡಂ.

ರಾಯರು ಕೈಕಟ್ಟಿ ನಿಂತು ತಣ್ಣನೆ ಗಾಳಿಯಿಂದ ಆರಂಭಿಸಿದರು. ಮೇಡಂ ಎರಡು ಸಲ ತಿದ್ದಿದರು, ಮೂರು ಪ್ರಶ್ನೆ ಕೇಳಿದರು. ಕೊನೆಗೆ, “ಪಾಠ ಅರ್ಥವಾಗ್ಲಿಲ್ಲ, ಆದರೆ ನಿಮ್ಮ ಮುಖ ನೋಡೋಕಾಗಲ್ಲ,” ಎಂದು ಹತ್ತಕ್ಕೆ ಐದು ನಿಮಿಷವಿರುವಾಗ ಸ್ವಿಚ್ ಆರಿಸಿದರು. ಕುಂಟುತ್ತ ಅವರೂ ಹೊರಟರು.

ರಾಯರು ಏದುಸಿರು ಬಿಡುತ್ತ ಮನೆ ಸೇರಿ ಅಂಗಿ ತೊಡುವಷ್ಟರಲ್ಲಿ ನಿರ್ದೇಶಕರು ಬಂದೇಬಿಟ್ಟರು. ಇಬ್ಬರೂ ಪರದೆಯ ಮುಂದೆ ಬಗ್ಗಿದರು. ಗೆರೆ ಇಳಿದಿತ್ತು. ಒಂದು, ಎರಡು, ಮೂರು ಮೆಟ್ಟಿಲು. ಮೂರನೆಯದರ ಕೆಳಗೆ ನೆಲ ಕಚ್ಚಿ ತೆಪ್ಪಗೆ ಮಲಗಿತ್ತು.

“ಭಲೇ! ನಿಮಿಷ ಕೂಡ ಹೆಚ್ಚುಕಮ್ಮಿ ಇಲ್ವಲ್ರೀ!” ನಿರ್ದೇಶಕರು ಚೀಲದಿಂದ ಆದೇಶಪತ್ರ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಬಾಗಿಲಲ್ಲಿ ನಿಂತಿದ್ದ ಮೂವರು ಚಪ್ಪಾಳೆ ತಟ್ಟಿದರು. ಆರು ವರ್ಷದಲ್ಲಿ ಮೊದಲ ಬಾರಿ ರಾಯರಿಗೆ ಎದೆ ಹಗುರವಾಯಿತು.

ಆಗ ನಿರ್ದೇಶಕರ ಫೋನು ಬಡಿದುಕೊಂಡಿತು. ಗುಡ್ಡದಾಚೆಯ ಟ್ರಾನ್ಸ್‌ಮಿಟರಿನವನು. ದನಿ ಕೋಣೆಗೆಲ್ಲ ಕೇಳುವಷ್ಟು ಜೋರು.

“ತಪ್ಪಾಯ್ತು ಸಾರ್! ನಿನ್ನೆ ಸಂಜೆನೇ ನಮ್ಮದು ಸುಟ್ಟುಹೋಯ್ತು. ಇವತ್ತು ಒಂದು ನಿಮಿಷವೂ ಆನ್ ಆಗಿಲ್ಲ. ಪರೀಕ್ಷೆ ನಾಳೆಗೆ ಹಾಕ್ಕೊಳ್ಳಿ.”

ನಿರ್ದೇಶಕರು ಮತ್ತೆ ಪರದೆಯತ್ತ ತಿರುಗಿ, “ಹಾಗಾದ್ರೆ ಇಳಿದದ್ದು ಯಾವ ಅಲೆ?” ಅಂದರು.

“ಸಾರ್,” ದರ್ಜಿ ತಲೆ ಕೆರೆದುಕೊಂಡ, “ಕೆಲಸ ಬೇಕಾದಷ್ಟಿದೆ. ಇವರಿಗೋಸ್ಕರ ನಿಲ್ಸಿದ ಮಷೀನುಗಳನ್ನ ನಾವಿನ್ನು ಹೋಗಿ ಶುರು ಮಾಡ್ಬಹುದಾ?”

ನಿರ್ದೇಶಕರು ಪರದೆಯಿಂದ ಕಣ್ಣು ಕೀಳದೆ, “ಹೋಗಿ. ಒಬ್ಬೊಬ್ಬರಾಗಿ ಶುರು ಮಾಡಿ,” ಅಂದರು.

ಮಂಡಿಯ ಯಂತ್ರ ಗುಂಯ್‌ಗುಟ್ಟಿತು. ಗೆರೆ ಒಂದು ಮೆಟ್ಟಿಲು ಹತ್ತಿತು. ಹೊಲಿಗೆ ಮಷೀನು ಹೊರಟಿತು; ಎರಡನೆಯದು. ಕೆಳಗೆ ಡ್ರಿಲ್ ಕಿರುಚಿತು, ಮೂರನೆಯದು.

ನಿರ್ದೇಶಕರು ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು.

“ಲೆಕ್ಕಕ್ಕೆ ತಕ್ಕ ಹಾಗೇ ನಡೆದುಕೊಂಡಿದಾರೆ. ಖಾಯಂ ಮಾಡೋದಾದ್ರೆ ಈ ಮೂವರನ್ನೇ ಮಾಡ್ಬೇಕು ಕಣ್ರೀ.”