ಬಾವಿಕಟ್ಟೆಯ ಮರಕ್ಕೆ ನಲವತ್ತಾರು

ಇಂದುಧರ ಶರ್ಟಿನೊಳಗೆ ಹೊಟ್ಟೆಗೆ ಅವುಚಿಕೊಂಡಿದ್ದ ಪುಟ್ಟ ಡಬ್ಬಿಯೇ ಆ ದಿನದ ರಗಳೆಗೆಲ್ಲ ಮೂಲ. ಅದನ್ನು ಮೈಬಿಸಿಯಲ್ಲೇ ಇಟ್ಟುಕೊಂಡು ಒಂದು ಗಂಟೆಯೊಳಗೆ ಅರಸೀಕೆರೆಯ ಲ್ಯಾಬಿಗೆ ಮುಟ್ಟಿಸಬೇಕಿತ್ತು.

ತಂಗಿಯರ ಮದುವೆ, ಮನೆ ಕಟ್ಟಿಸುವುದು ಎಂದು ಮುಂದೂಡುತ್ತ ಹೋಗಿ, ಅವನು ಹೇಮಲತಾಳ ಕೈ ಹಿಡಿಯುವಷ್ಟರಲ್ಲಿ ನಲವತ್ತಮೂರು ತುಂಬಿತ್ತು. ಮೂರು ವರ್ಷವಾದರೂ ಮಕ್ಕಳಿಲ್ಲ. ಪರೀಕ್ಷೆಯೆಲ್ಲ ಅವಳಿಗೇ ಆಯಿತು, ಅವಳಲ್ಲಿ ಏನೂ ದೋಷ ಸಿಗಲಿಲ್ಲ.

"ವಯಸ್ಸಾಗ್ತಾ ಗಂಡಸರ ವೀರ್ಯವೂ ಸೊರಗುತ್ತೆ, ಅಣುಗಳ ಓಟ ಕಮ್ಮಿಯಾಗುತ್ತೆ. ಒಂದ್ಸಲ ನಿಮ್ಮದೂ ನೋಡೋಣ" ಎಂದರು ಡಾಕ್ಟರು.

"ನಮ್ಮ ತಾತ ಅರವತ್ತರಲ್ಲಿ ಮಗನ್ನ ಎತ್ತಾಡಿಸಿದ್ದ!" ಎಂದು ಇಂದುಧರ ಮೀಸೆ ತಿರುವಿದ.

"ತಾತನ್ನ ಕರ್ಕೊಂಡ್ ಬರಕ್ಕಾಗಲ್ವಲ್ರೀ, ನೀವೇ ಹೋಗಿ" ಎಂದಳು ಹೇಮಲತಾ. ಅವಳ ಕಣ್ಣು ತುಂಬಿದ್ದು ಕಂಡು ಮೀಸೆ ತಾನಾಗಿಯೇ ಇಳಿಯಿತು.

ತನ್ನೂರು ಕಣಕಟ್ಟೆಯಲ್ಲಿ ಬಸ್ಸು ಹತ್ತಿ ಕೂತರೆ, ಪಕ್ಕದಲ್ಲೇ ನೆರೆಮನೆಯ ಕಲ್ಲೇಶಪ್ಪ. ತೆಂಗಿನ ಮರಗಳಿಗೆ ಅವನು ಊರಿಗೇ ವೈದ್ಯ.

"ಅದೇನ್ಲಾ ಅವುಚ್ಕೊಂಡಿದ್ದೀಯ?"

ಬಾಯಿಗೆ ಬಂದ ಸುಳ್ಳು ಹೊರಬಿತ್ತು. "ಬಾವಿಕಟ್ಟೆ ತೆಂಗಿನ ಮರ ರಸ ಸೋರ್ತಾ ಐತೆ ದೊಡ್ಡಪ್ಪ. ಪರೀಕ್ಷೆ ಮಾಡ್ಸೋಣ ಅಂತ."

ಕಲ್ಲೇಶಪ್ಪನ ಮುಖ ಬಾಡಿತು. ಇಂದುಧರ ಹುಟ್ಟಿದ ದಿನ ಅವನಪ್ಪ ನೆಟ್ಟ ಮರ ಅದು, ಗುಂಡಿ ತೋಡಿದವನು ಕಲ್ಲೇಶಪ್ಪನೇ. "ಮಗನೂ ಸಸಿಯೂ ಒಟ್ಟಿಗೇ ಫಲ ಕಾಣ್ಲಿ ಅಂದಿದ್ದ ಕಣ್ಲಾ ನಿಮ್ಮಪ್ಪ."

ಮರ ಏಳನೇ ವರ್ಷಕ್ಕೇ ಅಪ್ಪನ ಮಾತು ಉಳಿಸಿತ್ತು. ಇಪ್ಪತ್ತರಲ್ಲಿ ತಾನು ಬರಿಗಾಲಲ್ಲಿ ಸರಸರನೆ ಅದನ್ನು ಹತ್ತಿ, ಇಡೀ ಬೀದಿಗೆ ಎಳನೀರು ಕೆಡವುತ್ತಿದ್ದುದು ಇಂದುಧರನಿಗೆ ನೆನಪಾಯಿತು. ಆಗೆಲ್ಲ ವಯಸ್ಸು ಬೇರೆಯವರಿಗೆ ಮಾತ್ರ ಆಗುತ್ತದೆ ಎಂದುಕೊಂಡಿದ್ದ.

ಬಸ್ಸಿಳಿದದ್ದೇ ತಡ, ಕಲ್ಲೇಶಪ್ಪ ಅವನ ರಟ್ಟೆ ಹಿಡಿದು ಉಮಾಶಂಕರನ ಗೊಬ್ಬರದ ಅಂಗಡಿಗೆ ಎಳೆದೊಯ್ದು, ಮರದ ರಸ ಎಂದು ಡಬ್ಬಿ ಕಿತ್ತು ಕೊಟ್ಟ. ಉಮಾಶಂಕರ ಡಬ್ಬಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದ. ಇಂದುಧರ ಕಣ್ಣು ಮುಚ್ಚಿಕೊಂಡ.

"ವಯಸ್ಸೆಷ್ಟು?"

"ನ... ನಲವತ್ತಾರು."

"ಅಷ್ಟೇನಾ? ತೆಂಗಿಗೆ ಅದು ಒಳ್ಳೇ ಪ್ರಾಯ ಕಣ್ರೀ! ತೊಗಟೆ ಕೆತ್ತಿ ಡಾಂಬರು ಬಳೀರಿ, ಸರಿಹೋಗ್ತದೆ."

ನಲವತ್ತಾರನ್ನು ಪ್ರಾಯ ಎಂದವನನ್ನು ಇಂದುಧರನಿಗೆ ತಬ್ಬಿಕೊಳ್ಳಬೇಕೆನಿಸಿತು. ಡಬ್ಬಿ ಎತ್ತಿಕೊಂಡು, ಡಾಂಬರು ಕೊಳ್ಳುತ್ತಿದ್ದ ಕಲ್ಲೇಶಪ್ಪನ ಕಣ್ಣು ತಪ್ಪಿಸಿ ಓಡಿದ. ಲ್ಯಾಬಿನ ಹುಡುಗಿ ಸ್ವಾತಿ ಗಡಿಯಾರ ನೋಡಿ ತಲೆಯಾಡಿಸಿದಳು. "ತಡವಾಯ್ತು ಸರ್, ಇದು ನಡೆಯಲ್ಲ. ಮೂರು ದಿನ ಬಿಟ್ಟು ಹೊಸದಾಗಿ ತನ್ನಿ."

ಜೋಲುಮೋರೆ ಹಾಕಿಕೊಂಡು ಪೇಟೆಯೆಲ್ಲ ಸುತ್ತಿ ಸಂಜೆ ಮನೆಗೆ ಬಂದರೆ ಬಾವಿಕಟ್ಟೆಯ ಸುತ್ತ ಅರ್ಧ ಊರು ಸೇರಿತ್ತು. ಅಪ್ಪನ ಮರ ಸೊಂಟದವರೆಗೆ ಕೆತ್ತಿಸಿಕೊಂಡು, ಡಾಂಬರು ಬಳಿಸಿಕೊಂಡು ನಿಂತಿತ್ತು. ಮೇಲೆ ಗೊನೆಗಳು ಮಾತ್ರ ಎಂದಿನಂತೆ ತುಂಬಿ ತೂಗುತ್ತಿದ್ದವು. ಹೇಮಲತಾ ಬಾಗಿಲಲ್ಲಿ ನಗು ತಡೆಯಲಾಗದೆ ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

"ನಾಕೂ ಕಡೆ ಕೆತ್ತಿ ನೋಡ್ದೆ ಕಣ್ಲಾ, ಒಂದು ತೊಟ್ಟೂ ಸೋರ್ಲಿಲ್ಲ" ಎಂದ ಕಲ್ಲೇಶಪ್ಪ ಕೈಯ ಡಾಂಬರು ಒರೆಸಿಕೊಳ್ಳುತ್ತ. "ಮರ ಗಟ್ಟಿಮುಟ್ಟಾಗೈತೆ. ಪರೀಕ್ಷೇಲಿ ಏನಂದ್ರು?"

"ಮೂರು ದಿನ ಬಿಟ್ಟು ಇನ್ನೊಂದ್ಸಲ ತಗೊಂಡ್ ಬಾ ಅಂದವ್ರೆ" ಎಂದ ಇಂದುಧರ ನೆಲ ನೋಡುತ್ತ.

"ನಂಗೊತ್ತಿತ್ತು, ನಿಂಗೆ ರಸ ತೆಗೆಯೋ ಕ್ರಮ ಗೊತ್ತಿಲ್ಲ" ಎಂದ ಕಲ್ಲೇಶಪ್ಪ, ಅವನ ಬೆನ್ನು ತಟ್ಟಿ. "ಯೋಚ್ನೆ ಮಾಡ್ಬೇಡ. ಆವತ್ತು ಬೆಳಿಗ್ಗೆನೇ ಬತ್ತೀನಿ, ನಾನೇ ಮುಂದೆ ನಿಂತು ತೆಗಿಸ್ತೀನಿ."