ಪಾಳಿಯ ಗಂಟೆಯೂ ಪೆನ್‌ಡ್ರೈವ್‌ಧಾರಿ ಗಿರಿಮಲ್ಲನೂ

ಯಾವ ಯುಗದಲ್ಲಿ ಗಾಜಿನ ಫಲಕವೊಂದು ಪ್ರತಿ ಜೇಬಿನ ಗರ್ಭಗುಡಿಯಲ್ಲಿ ಪ್ರತಿಷ್ಠಾಪನೆಗೊಂಡು ಹಗಲಿರುಳು ಬೆರಳಿನ ಅರ್ಚನೆಯನ್ನು ಸ್ವೀಕರಿಸುತ್ತಿತ್ತೋ, ಯಾವ ಯುಗದಲ್ಲಿ ಜೋಳ ಬೀಸಿಸಲು ಹೊರಟವರೂ ತಮ್ಮ ಸರದಿಯನ್ನು ಆ ದೇವತೆಯ ಬಾಯಿಂದಲೇ ಕೇಳಬಯಸಿದರೋ, ಆ ಯುಗವನ್ನು ಮೊದಲು ನೆನೆಯೋಣ. ಬಳಿಕ, ಹುಬ್ಬಳ್ಳಿಯ ಬೇಕರಿಯೊಂದರ ಮಾಳಿಗೆಯಲ್ಲಿ ಎರಡು ಕಂಪ್ಯೂಟರು, ಒಂದು ಫ್ಯಾನಿನ ಸಾಮ್ರಾಜ್ಯವನ್ನು ಆಳುತ್ತಿದ್ದ ಕಂಠಲಂಬಿತ-ಪೆನ್‌ಡ್ರೈವ್-ಭೂಷಿತ, ಕಾಪಿಪೇಸ್ಟ್-ಧುರಂಧರ, ಗಿರಿಮಲ್ಲ ಹಂಚಿನಾಳನನ್ನು ನೆನೆಯೋಣ.

ಈ ವೀರನು ‘ಪಾಳಿ’ ಎಂಬ ಆ್ಯಪನ್ನು ಕಟ್ಟುತ್ತಿದ್ದನು. ಹಿಟ್ಟಿನ ಗಿರಣಿಯ ಮುಂದೆ ಡಬ್ಬಿಯಿಟ್ಟು ಮನೆಗೆ ಮರಳಿದವರಿಗೆ ಗಂಟೆ ಬಾರಿಸಿ ‘ನಿಮ್ಮ ಪಾಳಿ ಬಂತು’ ಎಂದು ಸಾರುವುದೇ ಅದರ ಅವತಾರೋದ್ದೇಶ. ಆ ರಾಜ್ಯದ ಸಂವಿಧಾನ ಸರಳವಾಗಿತ್ತು: ಪೆನ್‌ಡ್ರೈವ್ ಯಾರ ಕಂಪ್ಯೂಟರಿನಲ್ಲಿದೆಯೋ ಅವರು ಕೋಡ್ ಬರೆಯತಕ್ಕದ್ದು, ಮತ್ತೊಬ್ಬರು ಕೆಳಗಿಳಿದು ಚಹಾ ಕುಡಿಯತಕ್ಕದ್ದು. ಪ್ರತಿ ಸಂಜೆ ಗಿರಿಮಲ್ಲನು ಇಡೀ ಫೋಲ್ಡರನ್ನು ನಕಲಿಸಿ ನಾಮಕರಣ ಮಾಡುತ್ತಿದ್ದನು. ಹೀಗೆ ‘ಫೈನಲ್’, ‘ಹೊಸಾ ಫೈನಲ್’, ‘ಇದೇ ಫೈನಲ್’, ‘ಫೈನಲ್ ಮುಟ್ಟಬ್ಯಾಡ್ರಿ’ ಎಂಬ ವಂಶಾವಳಿ ಬೆಳೆದಿತ್ತು. ಅದರಲ್ಲಿ ಹಿರಿಯನಾರು ಕಿರಿಯನಾರು ಎಂಬುದನ್ನು ಅದನ್ನು ಹೆತ್ತವನೂ ಹೇಳಲಾರದವನಾಗಿದ್ದನು.

ಆ ದಿನ ಸಂಜೆ ನಾಲ್ಕಕ್ಕೆ ಗಿರಣಿ ಮಾಲೀಕರ ಸಂಘದ ಅಧ್ಯಕ್ಷ ಚೆನ್ನಪ್ಪ ಸಾವಕಾರರು ಆ್ಯಪ್ ನೋಡಲು ಬರುವವರಿದ್ದರು. ಆ್ಯಪ್ ಗಂಟೆ ಬಾರಿಸಿದರೆ ಊರಿನ ಗಿರಣಿಗಳೆಲ್ಲ ಈ ಮಾಳಿಗೆಯವರ ಪಾಲು, ಬಾರಿಸದಿದ್ದರೆ ಕೆಲಸ ಬೇರೆಯವರ ಪಾಲು. ಆ ಗಂಟೆಯನ್ನು ಬರೆದವಳು ಜೊತೆಗಾರ್ತಿ ಫರ್ಜಾನಾ. ಚಹಾ ಕುಡಿದು ಕುಡಿದು ಬೇಸತ್ತು, ಪೆನ್‌ಡ್ರೈವಿನ ಅಪ್ಪಣೆಗೆ ಕಾಯದೆ, ತನ್ನ ಕಂಪ್ಯೂಟರಿನಲ್ಲೇ ಬರೆದಿದ್ದಳು. ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಗಿರಿಮಲ್ಲನು, ಸಾಮ್ರಾಜ್ಯದ ಏಕೀಕರಣಾರ್ಥವಾಗಿ, ತನ್ನ ಫೋಲ್ಡರನ್ನು ಅವಳ ಫೋಲ್ಡರಿನ ಮೇಲೆ ಸುರಿದನು. ‘ಇರುವುದನ್ನೆಲ್ಲ ಬದಲಿಸಲೇ?’ ಎಂದು ಯಂತ್ರವು ವಿನಯದಿಂದ ಕೇಳಿತು. ವರವನ್ನೀಯುವ ದೇವರಂತೆ ಅವನು ಹೂಂಗುಟ್ಟಿದನು.

ಗಂಟೆ ಮೂಕವಾಯಿತು.

ಪರೀಕ್ಷೆಗೆಂದು ಅವನು ಫೋನನ್ನು ಒತ್ತಿದನು, ತಟ್ಟಿದನು, ಅಲುಗಿಸಿದನು. ಬೆವರು ಕೊರಳ ಪೆನ್‌ಡ್ರೈವಿನ ದಾರವನ್ನು ತೋಯಿಸಿತು. ತಾನು ಅಳಿಸಿದ್ದು ಏನೆಂಬುದು ಅವನಿಗೆ ತಿಳಿಯಿತು. ಯಾರಿಗೂ ತಿಳಿಯದಿರಲಿ ಎಂದು ಅವನು ಹಾರೈಸುವಷ್ಟರಲ್ಲಿ ಫರ್ಜಾನಾ ಬಾಗಿಲಲ್ಲಿ ನಿಂತಿದ್ದಳು.

“ಗಿರಿಯಣ್ಣಾ, ನನ್ನ ಕಂಪ್ಯೂಟರ್ ಮುಂದ ಯಾಕ ಕುಂತೀ?”

“ಎರಡೂ ಕೂಡಿಸಿದೆ ತಂಗಿ. ಒಂದೇ ಮನಿ ಆತು ಈಗ.”

“ಕೂಡಿಸಿದಿ? ನನ್ನ ಗಂಟಿ ಎಲ್ಲೈತಿ?”

ಆಗ ಗಿರಿಮಲ್ಲನು, ಸೋಲನ್ನು ಕಂಡ ಸೇನಾಪತಿಗಳೆಲ್ಲರಂತೆ, ಗರ್ಜಿಸಲಾರಂಭಿಸಿದನು. “ನೋಡವಾ, ನಾ ಈ ಪ್ಯಾಟ್ಯಾಗ ಮೊದಲ ಆ್ಯಪ್ ಮಾಡಿದಾಗ ನೀ ಸಾಲಿಗೆ ಹೋಗತಿದ್ದಿ. ನನ್ನ ಪೆನ್‌ಡ್ರೈವ್ ಮಳ್ಯಾಗ ತೊಯ್ದೈತಿ, ಅಂಗಿ ಜೋಡಿ ಒಗಸ್ಕೊಂಡೈತಿ, ಒಂದ ಅಕ್ಷರ ಹಾರಿಲ್ಲ. ಗಂಟಿ ಹೋದರ ಇನ್ನೊಂದು ಬರಿಯೋದು, ಅದರಾಗೇನೈತಿ?”

“ಬರಿ ಮತ್ತ. ನಾಲ್ಕಕ್ಕ ಸಾವಕಾರ್ರು ಬರತಾರ.”

ಗರ್ಜನೆ ಅಲ್ಲಿಗೇ ತೀರಿತು. ವೀರನು ಫ್ಯಾನನ್ನು ನೋಡಿದನು. ಫ್ಯಾನು ಸಹಾಯ ಮಾಡಲಿಲ್ಲ.

“ಗಂಟಿ ಗಿಟ್‌ನಾಗ ಇಟ್ಟೀನಿ,” ಎಂದಳು ಅವಳು ಕುರ್ಚಿಯೆಳೆಯುತ್ತ. “ಯಾರು ಏನು ಬದಲಿಸಿದ್ರು ಅಂತ ಅದು ನೆನಪಿಡತೈತಿ. ಕೆಡಿಸಿದ್ದನ್ನ ಹಿಂದಕ್ಕ ತರತೈತಿ. ನಿನ್ನ ಪಾಳಿ ಪಟ್ಟಿ ಸ್ಕ್ರೀನೂ ಅದರಾಗ ಹಾಕು, ನಾ ಎರಡೂ ಹೊಂದಸತೀನಿ. ಪೇಸ್ಟ್ ಮಾತ್ರ ಮಾಡಬ್ಯಾಡ.”

ಹೀಗೆ, ಆವೃತ್ತಿ-ನಿಯಂತ್ರಣವೆಂಬ ಮಹಾಸ್ತ್ರದ ದೀಕ್ಷೆಗೆ ಗಿರಿಮಲ್ಲನು ತನ್ನ ಕಂಪ್ಯೂಟರಿನ ಕಪ್ಪು ಪರದೆಯೆದುರು ಪದ್ಮಾಸನ ಹಾಕಿದನು. ಅಸ್ತ್ರವು ಮೊದಲ ಹೆಜ್ಜೆಯಲ್ಲೇ ಅವನನ್ನು ತಡೆದು, ‘ನೀನು ಯಾರೆಂದು ಹೇಳು’ ಎಂದಿತು.

“ನಾ ಯಾರಂತ ನನ್ನ ಕೇಳತೈತಿ ಇದು.”

“ಹೆಸರು, ಇಮೇಲ್ ಬರಿ ಅಣ್ಣಾ. ಕುಲಗೋತ್ರ ಬ್ಯಾಡ.”

ಅವಮಾನವನ್ನು ನುಂಗಿ ಬರೆದನು. ಏನು ಮಾಡಿದೆಯೆಂದು ಒಂದು ಸಾಲಿನಲ್ಲಿ ತಿಳಿಸು, ಎಂದಿತು ಅಸ್ತ್ರ. ಆ ಪ್ರಶ್ನೆ ಅವನಿಗೆ ನಾಟಿತು. ಇಷ್ಟು ಕಾಲ ತಾನು ಮಾಡಿದ್ದೇನೆಂದು ಅವನನ್ನು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಬಹಳ ಯೋಚಿಸಿ ‘ಫೈನಲ್’ ಎಂದು ಬರೆದು, ಕೀಲಿಮಣೆಯನ್ನು ಕುಟ್ಟಿ, ದಿಗ್ವಿಜಯಿಯಂತೆ ಎದ್ದು ನಿಂತನು.

ಫರ್ಜಾನಾ ತನ್ನ ಪರದೆಯಲ್ಲಿ ಅದನ್ನು ತೆರೆದಳು. ಮೇಲೆ ಕೆಳಗೆ ಸರಿಸಿ ನೋಡಿದಳು.

“ಅಣ್ಣಾ, ಇದರಾಗ ಒಂದ ಫೈಲ್ ಐತಿ.”

“ಹೌದು. ಎಲ್ಲಾ ಕೂಡಿಸಿ ಜಿಪ್ ಮಾಡಿ ಹಾಕೀನಿ. ಸಾಮಾನು ಚೆಲ್ಲಬಾರದು ನೋಡು.”

“ಬದಲಾದ ಸಾಲು ಹುಡುಕೋ ಯಂತ್ರಕ್ಕ ಬಾಯಿ ಹೊಲಿದ ಚೀಲ ಕೊಟ್ಟಿ,” ಎಂದವಳು ಚೀಲ ಬಿಚ್ಚಿ, ಗಂಟೆಯನ್ನು ಗಿಟ್‌ನ ನೆನಪಿನಿಂದ ಕರೆತಂದು, ಅವನ ಪಟ್ಟಿಯೊಡನೆ ಹೊಂದಿಸಲು ಕುಳಿತಳು. ಜಗದ್ವಿಖ್ಯಾತ ವೀರನು ಕೆಳಗಿಳಿದು ಚಹಾ ತಂದನು.

ಸಾವಕಾರರು ಮೆಟ್ಟಿಲೇರುವಾಗ ಆ್ಯಪ್ ಫೋನಿಗಿಳಿಯುತ್ತಿತ್ತು. ಅವರು ಕುಳಿತರು, ಬೆವರೊರೆಸಿಕೊಂಡರು, ಫೋನನ್ನು ದೂರ ಹಿಡಿದು ನೋಡಿದರು. ಗಿರಿಮಲ್ಲನು ಕೊರಳ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದನು. ಸಾವಕಾರರ ಬೆರಳು ಪರದೆಗಿಳಿಯಿತು.

ಟಿಣ್.

ಒಂದು ಮಧ್ಯಾಹ್ನದ ಮಹಾಯುದ್ಧಕ್ಕೆ ದಕ್ಕಿದ್ದು ಅಷ್ಟೇ.

“ಚಲೋ ಐತಿ,” ಎಂದರು ಸಾವಕಾರರು. “ನಮ್ಮ ಗಿರಣಿಗೋಳಿಗೆಲ್ಲಾ ಹಾಕ್ರಿ. ಸಪ್ಪಳ ಮಾತ್ರ ಸ್ವಲ್ಪ ಸಣ್ಣದ ಮಾಡ್ರಿ, ಮನ್ಯಾಗ ಕೂಸುಗೋಳು ಮಲಗಿರತಾವು.”

“ಈಗ ಮಾಡತೀನ್ರಿ,” ಎಂದು ಗಿರಿಮಲ್ಲನು ಉತ್ಸಾಹದಿಂದ ತಿರುಗಿದನು. ಸಪ್ಪಳದ ಅಂಕಿಯೊಂದನ್ನು ಬದಲಿಸಿದರೆ ಮುಗಿಯುವ ಕೆಲಸ. ಆದರೆ ಮುಟ್ಟುವ ಮೊದಲು, ಫರ್ಜಾನಾ ಸಾವಕಾರರನ್ನು ಬೀಳ್ಕೊಡಲು ಮೆಟ್ಟಿಲಿಳಿದ ಸಮಯ ನೋಡಿ, ಕೊರಳ ದಾರವನ್ನು ಮೆಲ್ಲನೆ ಬಿಚ್ಚಿ, ನೆನಪಿನ ಮಹಾಸ್ತ್ರವನ್ನು ಅದರ ಸಮಸ್ತ ಇತಿಹಾಸದೊಡನೆ ಪೆನ್‌ಡ್ರೈವಿಗೆ ನಕಲಿಸಿ ಹೆಸರಿಟ್ಟನು: ‘ಗಿಟ್ ಫೈನಲ್’.