ವಿಮೆಗೆ ಸಂಬಂಧ ನೋಡಿದ ಅತ್ತೆ

ವಿಮಾ ಕಂಪನಿಯವರು ಗಿರಾಕಿಗೆ ಹೆದರಿ ಓಡುವುದುಂಟೆ? ಉಂಟು! ಜಯನಗರದ ನನ್ನ ಸೋದರತ್ತೆಯ ನಂಬರು ಕಂಡರೆ ಈಗಲೂ ಕೆಲವು ಏಜೆಂಟರು ಫೋನ್ ಎತ್ತುವುದಿಲ್ಲ.

ಮಗುವಾಗುವ ಮೊದಲೇ, ಹೆರಿಗೆಗೂ ಒದಗುವ ಆರೋಗ್ಯ ವಿಮೆ ಮಾಡಿಸೋಣವೆಂದು ನಾನೂ ನನ್ನ ಹೆಂಡತಿಯೂ ಯೋಚಿಸಿದ್ದೆವು. ಅವಳಿಗೆ ತಾಯಿತಂದೆ ಇಲ್ಲ. ಹಾಗಾಗಿ ಹಿರಿಯರೆಂದು ವಿಷಯವನ್ನು ಅತ್ತೆಯ ಕಿವಿಗೆ ಹಾಕಿದೆವು. ಅತ್ತೆಗೆ ಗೊತ್ತಿದ್ದ ವಿಚಾರಣೆ ಒಂದೇ: ಮದುವೆಗೆ ಸಂಬಂಧ ನೋಡುವುದು. ವಿಮೆಗೂ ಅದನ್ನೇ ಅನ್ವಯಿಸಿದರು.

ಮೊದಲು ಬಂದ ಏಜೆಂಟನನ್ನು ತಮ್ಮ ಮನೆಯ ಸೋಫಾದ ಮೇಲೆ ಕೂರಿಸಿ ಉಪ್ಪಿಟ್ಟು, ಕೇಸರಿಬಾತ್ ಕೊಟ್ಟರು.

"ನಿಮ್ಮ ಕಂಪನಿ ಮೂಲ ಯಾವೂರಪ್ಪ?"

"ಮುಂಬೈ, ಮೇಡಂ."

"ಅಷ್ಟು ದೂರಾನಾ! ಇಲ್ಲಿ ಕಷ್ಟಸುಖಕ್ಕೆ ಯಾರಿದಾರೆ?"

"ಟೋಲ್ ಫ್ರೀ ನಂಬರ್ ಇದೆ."

"ಬಸುರಿ ನೋವು ತಿಂತಿರೋವಾಗ ಒಂದನ್ನು ಒತ್ತಿ, ಎರಡನ್ನು ಒತ್ತಿ ಅನ್ನುತ್ತಲ್ಲ, ಅದೇನಾ?"

ಬಿಟಿಎಂ ಲೇಔಟ್‌ನಿಂದ ಬಂದ ಎರಡನೆಯವನಿಗೆ ಇನ್ನೂ ಕಠಿಣ ಪರೀಕ್ಷೆ. "ನಿಮ್ಮಿಂದ ದುಡ್ಡು ಬಂದಿರೋ ಒಬ್ಬಳು ಬಾಣಂತೀನ ತೋರಿಸು. ನಾವೂ ನಾಲ್ಕು ಕಡೆ ವಿಚಾರಿಸ್ಬೇಕಲ್ಲ?"

"ಗ್ರಾಹಕರ ವಿಷಯ ಗುಟ್ಟು, ಮೇಡಂ."

"ಮಗು ಹುಟ್ಟಿದ್ದು ಗುಟ್ಟಾ? ಇಡೀ ಬೀದಿಗೆ ಪೇಡ ಹಂಚಿರ್ತಾರೆ!"

ಮೂರನೆಯವನು ಸತ್ಯವಂತ. ಪಾಲಿಸಿ ಮಾಡಿಸಿ ಎರಡು ವರ್ಷ ಕಳೆದ ಮೇಲಷ್ಟೇ ಹೆರಿಗೆಯ ಖರ್ಚು ಸಿಗುತ್ತದೆ ಎಂದ. ಅತ್ತೆ ತಟ್ಟೆ ಎತ್ತಿಕೊಂಡರು. "ನಿಶ್ಚಿತಾರ್ಥ ಮಾಡ್ಕೊಂಡು ಎರಡು ವರ್ಷ ಕಾಯಿಸೋ ಮನೆಗೆ ನಾವು ಹೆಣ್ಣು ಕೊಡಲ್ಲಪ್ಪ!"

ಹೀಗೆ ಒಂದೊಂದೇ ಸಂಬಂಧ ಮುರಿದುಬೀಳುತ್ತಿರುವಾಗ ನನ್ನ ಹೆಂಡತಿ ಬಸುರಿಯಾದಳು. ಮಕ್ಕಳು ಕಂಪನಿಯ ನಿಯಮ ಓದಿಕೊಂಡು ಬರುತ್ತಾರೆಯೆ?

ಕೊನೆಯವನು ತಿಲಕ್ ನಗರದವನು. ಸುದ್ದಿ ಕೇಳಿ ಲೋಟ ಕೆಳಗಿಟ್ಟ. "ಕಂಗ್ರಾಟ್ಸ್ ಮೇಡಂ. ಆದ್ರೆ ಈ ಹೆರಿಗೆಗೆ ಯಾವ ಕಂಪನೀನೂ ಕೊಡಲ್ಲ."

ಹೆಂಡತಿ ತಲೆ ತಗ್ಗಿಸಿದಳು. "ದುಡ್ಡು ಹೇಗೋ ಆಗತ್ತೆ ಅತ್ತೆ," ಎಂದಳು ಮೆಲ್ಲಗೆ. "ನನ್ನ ಹಿಂದೇನೂ ಯಾರೋ ಇದಾರೆ ಅನ್ನೋ ಧೈರ್ಯ ಬೇಕಿತ್ತು, ಅಷ್ಟೇ."

ಅತ್ತೆ ಏಜೆಂಟನ ಕಡೆ ತಿರುಗಿದರು.

"ಚೊಚ್ಚಲ ಹೆರಿಗೆ ಕಂಪನಿ ಯಾಕೆ ನೋಡ್ಕೋಬೇಕು? ತವರುಮನೆಯೋರು ನೋಡ್ಕೋತಾರೆ."

ಬದುಕಿದೆನಪ್ಪಾ ಎಂಬಂತೆ ಎದ್ದ ಏಜೆಂಟ್ ಮರ್ಯಾದೆಗೆ ಕೇಳಿದ: "ಇವರ ತವರು ಯಾವೂರು, ಮೇಡಂ?"

"ಇದೇ, ಜಯನಗರ," ಎಂದ ಅತ್ತೆ, ನನ್ನ ಹೆಂಡತಿಯ ಮುಂದೆ ಆರಿಹೋಗಿದ್ದ ಹಾಲಿನ ಲೋಟ ತೆಗೆದುಕೊಂಡು ಬಿಸಿ ಮಾಡಲು ಒಳಗೆ ಹೋದರು.